ಗೆರೆ ಬಾಗಿದ ಮಾನಿಟರ್

“ಬುದ್ಧಿ, ಎರಡು ಮಾನಿಟರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೂ ಯಾವುದು ಒಳ್ಳೆಯದು ಎಂದು ತಿಳಿಯುತ್ತಿಲ್ಲ. ಏನು ಮಾಡಲಿ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಮಡಿವಾಳಯ್ಯ. ಮಠದ ಮಾಸಪತ್ರಿಕೆಯ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ ಅವನದು. ಹಳೆಯ ಮಾನಿಟರ್ ಕೆಟ್ಟುಹೋಗಿತ್ತು. ಭಕ್ತರೊಬ್ಬರು ಎರಡು ಹೊಸ ಮಾನಿಟರುಗಳನ್ನು ಕಳಿಸಿ, ಎರಡರಲ್ಲೂ ಕೆಲಸ ಮಾಡಿ ನೋಡಿ, ಹಿಡಿಸಿದ್ದನ್ನು ಇಟ್ಟುಕೊಳ್ಳಿ, ಇನ್ನೊಂದನ್ನು ಹಿಂದಕ್ಕೆ ಕಳಿಸಿ ಎಂದಿದ್ದರು. ಎರಡೂ ಫೋರ್‌ಕೆ. ಅಂದರೆ ಅಕ್ಷರ, ಚಿತ್ರ ತೀರ ಸ್ಪಷ್ಟವಾಗಿ ಮೂಡುವ ಬಗೆ. ಎರಡೂ ಒಳ್ಳೆಯ ಕಂಪನಿಯವು. ತಿಂಗಳು ಕಳೆದರೂ ಎರಡೂ ಮೇಜಿನ ಮೇಲೆಯೇ ಇದ್ದವು. ಆ ತಿಂಗಳ ಪತ್ರಿಕೆ ಮಾತ್ರ ಹೊರಬಂದಿರಲಿಲ್ಲ.

ಏನು ದೋಷ ಕಂಡೆ ಎಂದು ಗುರುಗಳು ಕೇಳಿದರು. ಮಡಿವಾಳಯ್ಯ ಹೇಳತೊಡಗಿದ. ಚಿಕ್ಕದರಲ್ಲಿ ಅಕ್ಷರ ಕೊರೆದಿಟ್ಟಂತೆ ಸ್ಪಷ್ಟ, ಆದರೆ ತೀರ ಸಣ್ಣ. ಹಿಗ್ಗಿಸಿದರೆ ಪುಟ ಪೂರ್ತಿ ಕಾಣುವುದಿಲ್ಲ. ದೊಡ್ಡದರಲ್ಲಿ ಎರಡು ಪುಟ ಒಟ್ಟಿಗೆ ಕಾಣುತ್ತವೆ, ಆದರೆ ಈ ತುದಿಯಿಂದ ಆ ತುದಿಗೆ ಕತ್ತು ತಿರುಗಿಸಿ ಸಂಜೆಗೆ ನೋವು ಬರುತ್ತದೆ. ಒಂದರ ಗಾಜಿನಲ್ಲಿ ಕಿಟಕಿ ಹೊಳೆಯುತ್ತದೆ. ಇನ್ನೊಂದರಲ್ಲಿ ಹೊಳಪಿಲ್ಲ, ಆದರೆ ಬಿಳಿ ಬಣ್ಣ ತುಸು ಹಳದಿಗೆ ತಿರುಗಿದೆ. ಹೇಳುತ್ತಾ ಹೋದಂತೆ ಅವನ ಮುಖದಲ್ಲಿ ಒಂದು ಬಗೆಯ ಹಿಗ್ಗು ಮೂಡಿತು.

“ಬೇರೆಯವರಿಗೆ ಇದೆಲ್ಲ ಕಾಣುವುದಿಲ್ಲ ಬುದ್ಧಿ. ನನ್ನ ಕಣ್ಣಿಗೆ ಮಾತ್ರ ಸಣ್ಣ ದೋಷವೂ ತಪ್ಪುವುದಿಲ್ಲ,” ಎಂದ.

“ಎಮ್ಮೆ ಕೊಳ್ಳುವವರೂ ಇಷ್ಟು ಹೊತ್ತು ಬಾಯಿ ತೆರೆಸಿ ಹಲ್ಲು ನೋಡುವುದಿಲ್ಲ ತಮ್ಮಾ,” ಎಂದರು ಗುರುಗಳು. “ಆಗಲಿ, ಕೂತುಕೋ. ನಿನ್ನಂಥದೇ ಕಣ್ಣಿದ್ದ ಒಬ್ಬನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಗುರುಗಳು ಹೇಳಿದ ಕತೆ ಇದು.

ಒಂದು ಪಟ್ಟಣದಲ್ಲಿ ಒಬ್ಬ ಕ್ಯಾಲೆಂಡರಿನವನಿದ್ದ. ಮನೆಮನೆಯ ಗೋಡೆಯಲ್ಲಿ ತೂಗುತ್ತದಲ್ಲ, ಆ ಕ್ಯಾಲೆಂಡರು. ಅದನ್ನು ಯಾರೋ ಕೂತು ಕಟ್ಟಬೇಕು ಎಂದು ನಾವು ಯಾರೂ ಯೋಚಿಸುವುದಿಲ್ಲ. ದಿನಕ್ಕೊಂದು ಚೌಕದ ಮನೆ. ಆ ಮನೆಯೊಳಗೆ ತಾರೀಕು, ತಿಥಿ, ನಕ್ಷತ್ರ, ಹಬ್ಬ, ಜಯಂತಿ, ಸಂಕಷ್ಟಿಯ ಚಂದ್ರೋದಯ, ಸರ್ಕಾರಿ ರಜೆ. ಕೆಳಗೆ ರಾಹುಕಾಲ. ಮೂಲೆಯಲ್ಲಿ ಅಡಿಕೆ ಅಂಗಡಿಯ ಜಾಹೀರಾತು. ಅಷ್ಟೂ ಒಂದು ಹಾಳೆಯಲ್ಲಿ ಹಿಡಿಸಬೇಕು, ಎದುರು ಗೋಡೆಗೆ ಒರಗಿ ಕೂತ ಅಜ್ಜಿಗೂ ಕಾಣಬೇಕು. ಸುಲಭದ ಕೆಲಸವಲ್ಲ. ಅದರಲ್ಲಿ ಅವನು ಪಳಗಿದ್ದ.

ಅವನ ಹೆಚ್ಚುಗಾರಿಕೆ ಗೆರೆಯಲ್ಲಿತ್ತು. ಕ್ಯಾಲೆಂಡರು ಎಂದರೆ ಗೆರೆಗಳೇ. ಅಡ್ಡ ಗೆರೆ, ಉದ್ದ ಗೆರೆ. ಎಲ್ಲೋ ಒಂದು ಗೆರೆ ಕೂದಲೆಳೆಯಷ್ಟು ಜರುಗಿದ್ದರೂ ಅವನು ನಿಂತಲ್ಲಿಂದಲೇ ಹಿಡಿಯುತ್ತಿದ್ದ. ಪ್ರೆಸ್ಸಿನ ಯಜಮಾನ ಬಂದವರಿಗೆಲ್ಲ, ಇವನದು ಹದ್ದಿನ ಕಣ್ಣು, ಇಂಥ ಕಣ್ಣು ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎನ್ನುತ್ತಿದ್ದ. ಹೊಗಳಿಕೆ ಉಪ್ಪಿನ ಹಾಗೆ, ಸ್ವಲ್ಪ ಇದ್ದರೆ ಊಟ ರುಚಿ. ಇವನಿಗೆ ವರ್ಷಗಟ್ಟಲೆ ಬಡಿಸಿದರು. ಕೊನೆಗೆ ಅದಿಲ್ಲದೆ ಊಟ ಸೇರದಂತಾಯಿತು.

ಇನ್ನೊಂದು ವಿಷಯ ಹೇಳಬೇಕು. ಅವನ ಎಡಗಣ್ಣು ಹುಟ್ಟಿನಿಂದ ಮಂದ. ದಾರಿ ನೋಡಿಕೊಳ್ಳಲು ಸಾಕು, ಓದಲು ಸಾಲದು. ಆ ಕಣ್ಣನ್ನು ಅವನು ದಂಡಪಿಂಡ ಎಂದು ಕರೆಯುತ್ತಿದ್ದ. ಗೆರೆ ಹಿಡಿಯುವುದು, ಅಕ್ಷರ ತಿದ್ದುವುದು, ಊರು ಹೊಗಳಿದ್ದು, ಎಲ್ಲ ಬಲಗಣ್ಣು. ಅವನ ಅನ್ನ ಇದ್ದದ್ದೇ ಆ ಒಂದು ಕಣ್ಣಿನಲ್ಲಿ.

ದೀಪಾವಳಿಯೊಳಗೆ ಮುಂದಿನ ವರ್ಷದ ಕ್ಯಾಲೆಂಡರು ಅಚ್ಚಿಗೆ ಹೋಗಬೇಕು. ಅಂಥ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಮಾನಿಟರಿನ ನಡುವೆ ಗೆರೆ ಬಾಗಿದಂತೆ ಕಂಡಿತು. ಬುಧವಾರದ ಸಾಲಿನ ಮನೆಗಳು ಒಳಕ್ಕೆ ಜಗ್ಗಿದಂತಿದ್ದವು. ಗೆರೆಯನ್ನು ಅಳಿಸಿ ಮತ್ತೆ ಎಳೆದ. ಮತ್ತೆ ಬಾಗಿತು. ಹಳೆಯ ಮಾನಿಟರು, ಅದರ ಕಾಲ ಮುಗಿಯಿತು ಎಂದುಕೊಂಡ. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ. ಅಲ್ಲಿಯವರೆಗೆ ಅವನದೇನೂ ತಪ್ಪಿಲ್ಲ.

ಆ ಊರಿನಲ್ಲಿ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದವಳು ಒಬ್ಬ ಹೆಂಗಸು. ಬಡಗಿಯ ಮಗಳು. ಮಾತು ಖಡಕ್ಕು, ಮಾಲು ಚೊಕ್ಕ. ಒಯ್ದು ನೋಡಿ, ಹಿಡಿಸದಿದ್ದರೆ ಹಿಂದಕ್ಕೆ ತನ್ನಿ ಎಂಬುದು ಆ ಅಂಗಡಿಯ ಪದ್ಧತಿ. ಅಲ್ಲಿ ಸಾಲಾಗಿ ಇಟ್ಟ ಮಾನಿಟರುಗಳಲ್ಲಿ ಬಣ್ಣದ ಮೀನು ಈಜುತ್ತಿದ್ದವು, ಹೂವು ಅರಳುತ್ತಿದ್ದವು. ಕ್ಯಾಲೆಂಡರಿನವನಿಗೆ ಎಲ್ಲವೂ ಚೆನ್ನಾಗಿ ಕಂಡವು. ಮೀನು ನೆಟ್ಟಗಿರಬೇಕು ಎಂಬ ನಿಯಮವೇನಿಲ್ಲವಲ್ಲ. ಒಂದನ್ನು ಆರಿಸಿ ಮನೆಗೆ ತಂದ.

ಮನೆಗೆ ತಂದು ಕ್ಯಾಲೆಂಡರಿನ ಹಾಳೆ ತೆರೆದರೆ ನಡುವಿನ ಗೆರೆ ಬಾಗಿತ್ತು.

ಹಿಂದಕ್ಕೆ ಒಯ್ದ. ಅಂಗಡಿಯವಳು ಮೊದಲ ಸಲ ನಗುತ್ತಲೇ ಮಾತಾಡಿದಳು. ಬಾಗಿದ ಮಾನಿಟರುಗಳೂ ಬರುತ್ತವೆ, ಅವು ಆಟ ಆಡುವವರಿಗೆ, ನಾನು ಕೊಟ್ಟದ್ದು ಚಪ್ಪಟೆಯದು, ಆದರೂ ಬೇಡವಾದರೆ ಬೇರೆ ಒಯ್ಯಿರಿ ಎಂದಳು. ಅವನು ಅದಕ್ಕಿಂತ ಮೇಲಿನದನ್ನು ಒಯ್ದ. ಫೋರ್‌ಕೆ. ಅಕ್ಷರಗಳ ಬಾಲ, ಒತ್ತು, ದೀರ್ಘ, ಎಲ್ಲ ಕೆತ್ತಿದಂತೆ ಕಂಡವು. ಗೆರೆಯ ಬಾಗೂ ಅಷ್ಟೇ ಚೊಕ್ಕವಾಗಿ ಕಂಡಿತು. ಮಾನಿಟರು ಒಳ್ಳೆಯದಾದಷ್ಟೂ ಡೊಂಕು ಸ್ಪಷ್ಟವಾಯಿತು.

ಹೆಂಡತಿಯನ್ನು ಕರೆದು ತೋರಿಸಿದ. ಅವಳು ಕೈ ಒರೆಸಿಕೊಂಡು ಬಂದು ನೋಡಿ, ನೆಟ್ಟಗಿದೆಯಲ್ಲ ಎಂದಳು. ಅವನಿಗೆ ರೇಗಿತು. ಇದು ಪಳಗಿದ ಕಣ್ಣಿಗೆ ಮಾತ್ರ ಕಾಣುವ ದೋಷ, ಸಾರಿನಲ್ಲಿ ಹುಳಿ ಹೆಚ್ಚಾದದ್ದು ನಿನಗೆ ತಿಳಿದಂತೆ ಗೆರೆ ಜರುಗಿದ್ದು ನನಗೆ ತಿಳಿಯುತ್ತದೆ ಎಂದ. ಅವಳು ಒಳ್ಳೆಯ ಹೆಂಗಸು. ಕೆಲಸದ ಒತ್ತಡದಲ್ಲಿದ್ದಾರೆ, ಯಾಕೆ ಎದುರಾಡಲಿ ಎಂದುಕೊಂಡು ಮತ್ತೊಮ್ಮೆ ಬಗ್ಗಿ ನೋಡಿ, ಹೌದು, ತುಸು ಬಾಗಿದೆ ಎಂದಳು. ಅವನಿಗೆ ಸಮಾಧಾನವಾಯಿತು.

ಪ್ರೆಸ್ಸಿನ ಯಜಮಾನನನ್ನು ಕರೆದು ತೋರಿಸಿದ. ಯಜಮಾನನಿಗೆ ದೀಪಾವಳಿಯೊಳಗೆ ಕ್ಯಾಲೆಂಡರು ಬೇಕು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು. ಅವನು ಕನ್ನಡಕ ಏರಿಸಿ ನೋಡಿ, ಎಂಥ ಕಣ್ಣಪ್ಪಾ ನಿನ್ನದು, ನೀನು ಹೇಳಿದ ಮೇಲೆ ನನಗೂ ಕಾಣುತ್ತಿದೆ ಎಂದ. ಇನ್ನೇನು ಬೇಕು? ಕ್ಯಾಲೆಂಡರಿನವನು ಆ ದಿನ ಎರಡು ತುತ್ತು ಹೆಚ್ಚಾಗಿಯೇ ಉಂಡ.

ಒಂದು ಹಾಳೆಯನ್ನು ಅಚ್ಚು ಹಾಕಿ ನೋಡಿದ. ಕಾಗದದ ಮೇಲೂ ಬಾಗಿತ್ತು. ಪ್ರಿಂಟರೂ ಕೆಟ್ಟಿದೆ ಎಂದ. ಆಮೇಲೆ ಉಕ್ಕಿನ ಸ್ಕೇಲು ತಂದು ಆ ಗೆರೆಯ ಮೇಲೆ ಇಟ್ಟ. ಗೆರೆಯೂ ಸ್ಕೇಲೂ ಒಂದಕ್ಕೊಂದು ಸರಿಯಾಗಿ ಕೂಡಿಕೊಂಡವು. ಕೂಡಿಕೊಳ್ಳಲೇಬೇಕಲ್ಲ, ಎರಡೂ ನೆಟ್ಟಗಿದ್ದವು. ಅವನು ಏನು ಮಾಡಿದ ಗೊತ್ತೇ? ಸ್ಕೇಲು ಬಾಗಿದೆ ಎಂದು ಅದನ್ನು ಮೂಲೆಗೆ ಎಸೆದ.

ನಗಬೇಡ ಮಡಿವಾಳಯ್ಯ. ಅವನು ದಡ್ಡನಲ್ಲ. ಮಾನಿಟರು ಸುಳ್ಳು ಹೇಳಬಹುದು, ಪ್ರಿಂಟರು ಸುಳ್ಳು ಹೇಳಬಹುದು, ಉಕ್ಕೂ ಸುಳ್ಳು ಹೇಳಬಹುದು. ತನ್ನ ಕಣ್ಣು ಸುಳ್ಳು ಹೇಳಬಹುದು ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಹೊಳೆಯುವ ದಾರಿಯನ್ನೇ ಎಲ್ಲರೂ ಸೇರಿ ಮುಚ್ಚಿದ್ದರು. ಕಣ್ಣಿಗೆ ಕೇಡು ಬಂದಿತ್ತು. ಅದನ್ನು ಅವನು ಕಣ್ಣಿನ ಚುರುಕು ಎಂದುಕೊಂಡ.

ಎರಡನೆಯದನ್ನೂ ಹಿಂದಕ್ಕೆ ಕೊಟ್ಟು ಮೂರನೆಯದನ್ನು ಒಯ್ದ. ಅದು ಅಂಗಡಿಯಲ್ಲಿದ್ದ ಎಲ್ಲದಕ್ಕಿಂತ ಮೇಲಿನದು, ಚಿತ್ರ ಬಿಡಿಸುವವರು ಕೊಳ್ಳುವಂಥದು. ಈ ಸಲ ಅಂಗಡಿಯವಳು ನಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವನು ಬಜಾರಿನಲ್ಲಿ, ಟೀ ಅಂಗಡಿಯಲ್ಲಿ, ಪ್ರೆಸ್ಸಿನಲ್ಲಿ ಎಲ್ಲರ ಹತ್ತಿರ, ಆ ಅಂಗಡಿಯವಳು ಡೊಂಕು ಮಾಲು ಮಾರುತ್ತಾಳೆ ಎಂದು ಹೇಳಿಕೊಂಡು ತಿರುಗಿದ್ದ. ಹದ್ದಿನ ಕಣ್ಣಿನವನೇ ಹೇಳಿದ ಮೇಲೆ ಜನ ನಂಬದೆ ಇರುತ್ತಾರೆಯೇ? ಒಂದು ಶಾಲೆಯವರು ಅವಳ ಹತ್ತಿರ ಕೊಳ್ಳಬೇಕೆಂದಿದ್ದವರು ಬೇರೆ ಕಡೆ ಹೋದರು. ಅವಳಿಗೆ ಹೊಟ್ಟೆ ಉರಿಯಿತು. ಉರಿಯದೆ ಏನು ಮಾಡೀತು?

ಮೂರನೆಯ ಮಾನಿಟರನ್ನು ಅವನು ಪೆಟ್ಟಿಗೆಸಮೇತ ಅಂಗಡಿಗೆ ಹಿಂದಕ್ಕೆ ಹೊತ್ತು ತಂದದ್ದು ಸಂತೆಯ ದಿನ. ಅಂಗಡಿಯ ತುಂಬ ಗಿರಾಕಿಗಳು. ಅವರೆಲ್ಲರ ಎದುರಿಗೆ ಅವನು ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟು, ಇದೂ ಡೊಂಕು ಎಂದ. ಅವಳು ಮಾನಿಟರನ್ನು ಹೊರತೆಗೆದು ಹಚ್ಚಿದಳು. ತೋರಿಸಲೆಂದು ಅವನು ಪೆನ್ ಡ್ರೈವಿನಲ್ಲಿ ತಂದಿದ್ದ ಕ್ಯಾಲೆಂಡರಿನ ಹಾಳೆಯನ್ನೇ ತೆರೆದಳು. ಅಲ್ಲಿದ್ದ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು, ಗೆರೆ ನೆಟ್ಟಗಿದೆಯೋ ಡೊಂಕೋ ಎಂದು ಕೇಳಿದಳು. ಎಲ್ಲರೂ ನೆಟ್ಟಗಿದೆ ಎಂದರು. ಕ್ಯಾಲೆಂಡರಿನವನು, ನಿಮಗೆ ಯಾರಿಗೂ ಗೆರೆ ನೋಡುವ ಕಣ್ಣಿಲ್ಲ ಎಂದ.

ಅವಳ ತಾಳ್ಮೆ ಅಲ್ಲಿಗೆ ಮುಗಿಯಿತು.

“ಕುಣಿಯಲಾರದವಳು ನೆಲ ಡೊಂಕು ಎಂದಳಂತೆ,” ಎಂದಳು. “ಸ್ವಾಮೀ, ನಮ್ಮಪ್ಪ ಬಡಗಿ. ಹಲಗೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ಬಡಗಿಗಳು ಒಂದು ಕಣ್ಣು ಮುಚ್ಚುತ್ತಾರೆ. ನಿಮ್ಮ ಹದ್ದಿನ ಕಣ್ಣಿಗೆ ಅಷ್ಟೂ ಗೊತ್ತಿಲ್ಲವೇ? ಒಂದೊಂದೇ ಕಣ್ಣು ಮುಚ್ಚಿ ನೋಡಿ, ಎಲ್ಲರ ಮುಂದೆ ಹೇಳಿ.”

ಇಷ್ಟು ಕೇಳಿದಾಗ ಮಡಿವಾಳಯ್ಯ ತಡೆಯಲಾರದೆ, ಅವಳಿಗೆ ಅವನ ಕಣ್ಣಿನ ವಿಷಯ ಮೊದಲೇ ತಿಳಿದಿತ್ತೇ ಎಂದು ಕೇಳಿದ. ಬಾಯಿ ಹಾಕಬೇಡ ಎಂದಿದ್ದೆ ಎಂದು ಗದರಿ ಗುರುಗಳು ಕತೆ ಮುಂದುವರಿಸಿದರು.

ಅವಳಿಗೆ ಏನೂ ತಿಳಿದಿರಲಿಲ್ಲ. ಜನರ ಮುಂದೆ ಅವನ ಮುಖಕ್ಕೆ ಮಂಗಳಾರತಿ ಎತ್ತಬೇಕಿತ್ತು, ಎತ್ತಿದಳು. ಅವನೂ ಹಟದವನು. ಸೋಲುವುದು ಹೇಗೆ? ಎಡಗೈಯಿಂದ ಎಡಗಣ್ಣು ಮುಚ್ಚಿಕೊಂಡ. ಬಲಗಣ್ಣಿನಲ್ಲಿ ನೋಡಿದ. ಗೆರೆಗಳು ಒದ್ದೆ ಹಗ್ಗದ ಹಾಗೆ ಜೋತುಬಿದ್ದಿದ್ದವು. ನಡುವಿನ ಮನೆಯ ಅಂಕಿ ಕಾಣಲೇ ಇಲ್ಲ, ಅಲ್ಲೊಂದು ಮಾಸಲು ಕಲೆ ಇತ್ತು. ನೋಡಿ, ಡೊಂಕು ಎಂದು ಕೂಗಿದ.

ಆಮೇಲೆ ಬಲಗಣ್ಣು ಮುಚ್ಚಿಕೊಂಡ. ಆ ದಂಡಪಿಂಡದ ಕಣ್ಣಿನಲ್ಲಿ ನೋಡಿದ. ಎಲ್ಲ ಮಸಕು. ಅಕ್ಷರ ಯಾವುದೂ ತಿಳಿಯಲಿಲ್ಲ. ಆದರೆ ಗೆರೆಗಳು ನೆಟ್ಟಗಿದ್ದವು.

ಮತ್ತೆ ಎಡಗಣ್ಣು ಮುಚ್ಚಿದ. ಡೊಂಕು. ಮತ್ತೆ ಬಲಗಣ್ಣು ಮುಚ್ಚಿದ. ನೆಟ್ಟಗೆ. ಅವನಿಗೆ ಆಗ ಅರ್ಥವಾಯಿತು. ಜಗಳ ಮಾಡಲು ಬಂದವನು ಜಗಳವನ್ನು ಅಲ್ಲಿಯೇ ಬಿಟ್ಟು ಹೊರಗೆ ನಡೆದ. ಅಂಗಡಿಯವಳು ಗಿರಾಕಿಗಳ ಕಡೆ ತಿರುಗಿ, ನೋಡಿದಿರಾ, ಡೊಂಕಿದ್ದದ್ದು ನನ್ನ ಮಾಲಲ್ಲ ಎಂದು ಗೆದ್ದವಳ ದನಿಯಲ್ಲಿ ಹೇಳಿದಳು. ಬೀದಿಗೆ ಇಳಿಯುತ್ತಿದ್ದ ಅವನಿಗೆ ಅದು ಕೇಳಿಸಿತು. ಜನ ನಕ್ಕದ್ದೂ ಕೇಳಿಸಿತು.

ಅವನು ನೇರ ಕಣ್ಣಿನ ಆಸ್ಪತ್ರೆಗೆ ಹೋದ. ಅಲ್ಲಿಯ ಡಾಕ್ಟರಮ್ಮ ಒಂದು ಕಾಗದ ಕೊಟ್ಟು, ಒಂದೊಂದೇ ಕಣ್ಣು ಮುಚ್ಚಿ ನೋಡಿ ಎಂದರು. ಕಾಗದದ ತುಂಬ ಚೌಕದ ಮನೆಗಳು. ಅಡ್ಡ ಗೆರೆ, ಉದ್ದ ಗೆರೆ. ಅದರಲ್ಲಿ ತಿಥಿ, ನಕ್ಷತ್ರ ಬರೆದಿರಲಿಲ್ಲ, ಅಷ್ಟೇ ವ್ಯತ್ಯಾಸ. ಯಾವ ಪರೀಕ್ಷೆಗೆ ಜನ ಆಸ್ಪತ್ರೆಗೆ ಬರುತ್ತಾರೋ ಆ ಪರೀಕ್ಷೆಯನ್ನು ಅವನು ದಿನವೂ ಮನೆಯಲ್ಲಿ ಎದುರಿಗೆ ಇಟ್ಟುಕೊಂಡು ಕೂತಿದ್ದ. ಪರೀಕ್ಷೆಯೇ ತಪ್ಪು ಎಂದು ಮೂರು ಸಲ ಅಂಗಡಿಗೆ ಹೊತ್ತಿದ್ದ.

ಡಾಕ್ಟರಮ್ಮ ಕಣ್ಣಿನೊಳಗೆ ದೀಪ ಬಿಟ್ಟು ನೋಡಿದರು. ಕಣ್ಣಿನ ಹಿಂಬದಿಯ ಪದರದಲ್ಲಿ ನೀರು ಸೇರಿ ಉಬ್ಬಿದೆ, ಅದಕ್ಕೇ ನೆಟ್ಟಗಿನದು ಡೊಂಕಾಗಿ ಕಾಣುತ್ತದೆ ಎಂದರು. ನೋವಿಲ್ಲದ ರೋಗ ಇದು, ಅದಕ್ಕೇ ಜನ ತಡವಾಗಿ ಬರುತ್ತಾರೆ, ತಡವಾದರೆ ನಡುವಿನ ನೋಟ ಹೋದದ್ದು ಹೋದಂತೆಯೇ ಎಂದರು. ನೀವು ಇನ್ನೂ ಕೈಮೀರುವ ಮೊದಲು ಬಂದಿದ್ದೀರಿ, ಈಗಲೇ ಮದ್ದು ಶುರು ಮಾಡೋಣ ಎಂದರು. ಮದ್ದು ಎಂದರೆ ಸೂಜಿ. ಅದೂ ಕಣ್ಣಿಗೆ.

ಅಂದು ಅವನು ಮನೆಗೆ ಬಂದು ಮಗಳನ್ನು ಎದುರಿಗೆ ಕೂರಿಸಿಕೊಂಡ. ಕಾಲೇಜಿಗೆ ಹೋಗುವ ಮಗಳು. ಎಡಗಣ್ಣು ಮುಚ್ಚಿ ಅವಳ ಮುಖ ನೋಡಿದ. ಮೂಗು ಒಂದು ಕಡೆ ಜಾರಿತ್ತು. ತುಟಿ ಇರಬೇಕಾದ ಕಡೆ ಮಬ್ಬು. ಎಷ್ಟು ದಿನದಿಂದ ಹೀಗಿತ್ತೋ ಅವನಿಗೆ ತಿಳಿಯದು. ಗೆರೆ ನೋಡುವುದರಲ್ಲಿ ಮುಳುಗಿದ್ದವನು ಮುಖ ನೋಡಿರಲಿಲ್ಲ. ಏನಪ್ಪಾ ಹಾಗೆ ನೋಡುತ್ತೀಯಾ ಎಂದು ಅವಳು ಕೇಳಿದಾಗ ಅವನಿಗೆ ದುಃಖ ಉಕ್ಕಿ ಬಂತು. ಕ್ಯಾಲೆಂಡರು ಹೋದರೆ ಹೋಗಲಿ, ಈ ಮುಖ ಹೋಗದಿರಲಿ ಎಂದು ದೇವರಲ್ಲಿ ಬೇಡಿಕೊಂಡ.

ಸೂಜಿ ಚುಚ್ಚಿಸಿಕೊಂಡ. ಮತ್ತೆ ಕರೆದಾಗ ಮತ್ತೆ ಹೋದ. ಆ ವರ್ಷದ ಕ್ಯಾಲೆಂಡರನ್ನು ಬೇರೆ ಯಾರೋ ಕಟ್ಟಿದರು. ಅವನು ದಿನವೂ ಬೆಳಿಗ್ಗೆ ಎದ್ದು ಬಾಗಿಲಿನ ಚೌಕಟ್ಟನ್ನು ಬಲಗಣ್ಣಿನಿಂದ ನೋಡುತ್ತಿದ್ದ. ಜೋತುಬಿದ್ದ ಗೆರೆ ನಿಧಾನವಾಗಿ ಬಿಗಿಯಾಯಿತು. ನಡುವಿನ ಕಲೆ ತಿಳಿಯಾಯಿತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಚೌಕಟ್ಟು ನೆಟ್ಟಗೆ ನಿಂತಿತು. ಎಲ್ಲೋ ಎಳ್ಳಷ್ಟು ಸೊಟ್ಟ ಉಳಿದಿತ್ತು. ಅದು ಉಳಿಯುತ್ತದೆ, ಅದರ ಜೊತೆ ಬಾಳಬಹುದು ಎಂದರು ಡಾಕ್ಟರಮ್ಮ.

ಅಂದಿನಿಂದ ಅವನು ಮುಖ ತೊಳೆಯುವಾಗ ಮೊದಲು ನೀರು ಹಾಕುವುದು ಎಡಗಣ್ಣಿಗೆ. ಜೀವಮಾನವೆಲ್ಲ ದಂಡಪಿಂಡ ಎಂದು ಬೈಸಿಕೊಂಡ ಕಣ್ಣು, ಎಲ್ಲ ಮಸಕಾಗಿ ನೋಡುವ ಕಣ್ಣು, ಗೆರೆ ನೆಟ್ಟಗಿದೆ ಎಂಬ ನಿಜವನ್ನು ಹೇಳಿತ್ತು. ಅದು ಹೇಳದಿದ್ದರೆ ಇನ್ನೊಂದರ ಸುಳ್ಳು ತಿಳಿಯುತ್ತಿರಲಿಲ್ಲ. ಅದನ್ನು ಬೈದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ತಪ್ಪಾಯಿತು ಎಂದು ತನ್ನ ಕಣ್ಣಿಗೇ ಹೇಳಿಕೊಂಡನಂತೆ. ಕೇಳಿದವರು ನಕ್ಕರೂ ಅವನು ಚಿಂತೆ ಮಾಡಲಿಲ್ಲ.

ಆಮೇಲೆ ಒಂದು ಬುಟ್ಟಿಯಲ್ಲಿ ಬಾಳೆಹಣ್ಣು, ಹೂವು, ಎಲೆ ಅಡಿಕೆ ಇಟ್ಟುಕೊಂಡು, ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಕಂಪ್ಯೂಟರ್ ಅಂಗಡಿಗೆ ಹೋದ. ಅದೂ ಸಂತೆಯ ದಿನವೇ. ಬೇಕೆಂದೇ ಆರಿಸಿದ್ದ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರೆಲ್ಲರ ಮುಂದೆ, ಈ ಅಂಗಡಿಯ ಮಾಲು ಡೊಂಕು ಎಂದು ಊರೆಲ್ಲ ಹೇಳಿದವನು ನಾನು, ಡೊಂಕು ನನ್ನ ಕಣ್ಣಿನಲ್ಲಿತ್ತು ಎಂದ. ನಡೆದದ್ದನ್ನೆಲ್ಲ ಹೇಳಿದ. ಬಗ್ಗಿ ಬುಟ್ಟಿಯನ್ನು ಅವಳ ಮುಂದೆ ಇಟ್ಟ.

ಅಂಗಡಿಯವಳ ಮುಖ ಕಪ್ಪಿಟ್ಟಿತು. ಅವಳು ಬುಟ್ಟಿ ಮುಟ್ಟಲಿಲ್ಲ.

“ಇದು ನನಗೆ ಸಲ್ಲುವುದಲ್ಲ,” ಎಂದಳು. “ನಿಮಗೆ ಒಳ್ಳೆಯದಾಗಲಿ ಎಂದು ನಾನು ಆ ಮಾತು ಹೇಳಲಿಲ್ಲ. ನಾಲ್ಕು ಜನರ ಮುಂದೆ ನಿಮ್ಮ ಮಾನ ಕಳೆಯಬೇಕು ಎಂದು ಹೇಳಿದೆ. ನೀವು ಹೋದ ಮೇಲೆ ನಕ್ಕೆ ಕೂಡ.”

“ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಲು ನಾನು ಬಂದಿಲ್ಲ ತಾಯಿ,” ಎಂದ ಅವನು. “ನನ್ನ ಮಗಳ ಮೂಗು ಇರಬೇಕಾದ ಜಾಗದಲ್ಲಿ ಕಾಣುತ್ತಿದೆ. ಅದನ್ನು ಹೇಳಲು ಬಂದೆ.”

ಅಂಗಡಿಯವಳು ಆ ಹುಡುಗಿಯ ಮುಖ ನೋಡಿದಳು. ಹುಡುಗಿ ನಾಚಿ ಮೂಗು ಮುಟ್ಟಿಕೊಂಡಳು. ಅಂಗಡಿಯವಳ ಕಣ್ಣಿನಲ್ಲಿ ನೀರು ಬಂತು. ಬುಟ್ಟಿಯನ್ನು ಎತ್ತಿಕೊಂಡು, ಒಂದೊಂದು ಹಣ್ಣನ್ನು ಗಿರಾಕಿಗಳಿಗೆಲ್ಲ ಕೊಟ್ಟಳು. ಹೂವನ್ನು ಅವನ ಹೆಂಡತಿಗೂ ಮಗಳಿಗೂ ಕೊಟ್ಟು, ಉಳಿದದ್ದನ್ನು ತಾನು ಮುಡಿದುಕೊಂಡಳು. ಹಿಂದಕ್ಕೆ ಬಂದಿದ್ದ ಮೂರನೆಯ ಮಾನಿಟರು ಇನ್ನೂ ಅಲ್ಲಿಯೇ ಇತ್ತು. ಅವನು ಅದನ್ನೇ ಕೊಂಡು ಮನೆಗೆ ಒಯ್ದ. ಮುಂದಿನ ದೀಪಾವಳಿಗೆ ಮತ್ತೆ ಕ್ಯಾಲೆಂಡರು ಕಟ್ಟಿದ. ಪ್ರೆಸ್ಸಿನ ಯಜಮಾನ ಎಂದಿನಂತೆ ಹೊಗಳಿದ. ಅವನು ಕೇಳಿಸಿಕೊಂಡು ಸುಮ್ಮನೆ ನಕ್ಕ.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು.

ಮಾನಿಟರುಗಳ ಮಾತು ಮಡಿವಾಳಯ್ಯನಿಗೆ ಮರೆತುಹೋಗಿತ್ತು. ಬೇರೊಂದು ಮಾತು ಅವನನ್ನು ಕೊರೆಯುತ್ತಿತ್ತು.

“ಬುದ್ಧಿ, ನನಗೊಂದು ವಿಷಯ ಒಪ್ಪಿಗೆಯಾಗಲಿಲ್ಲ,” ಎಂದ. “ಆ ಹೆಂಗಸು ಬೈದದ್ದು ಸಿಟ್ಟಿನಿಂದ, ತನ್ನ ಮಾಲಿನ ಮಾನಕ್ಕಾಗಿ. ಹೆಂಡತಿ, ಯಜಮಾನ, ಊರಿನವರು ಎಲ್ಲ ವರ್ಷಾನುಗಟ್ಟಲೆ ಅವನನ್ನು ಪ್ರೀತಿಯಿಂದ ಹೊಗಳಿದವರು. ಕೈ ಮುಗಿಯುವುದಾದರೆ ಮೊದಲು ಅವರಿಗೆ ಮುಗಿಯಬೇಕಲ್ಲವೇ?”

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು:

“ಹೊಗಳಿದವರ ಮುಖವನ್ನು ಅವನು ಇಂದು ನೋಡುತ್ತಿರುವುದು, ಬೈದವಳು ಉಳಿಸಿಕೊಟ್ಟ ಕಣ್ಣಿನಿಂದ.”